ಮಗನ ಜೊತೆ ನಡೆದ ಒಂದು ವರ್ಷ

ಹೋದ ವಾರ ಮಗನ ತೂಕದ ತೊಂದರೆಯ ತಪಾಸಣೆ ಮುಗಿಸಿಕೊಂಡು ಬಂದೆವು. ಇನ್ನು ಆರು ತಿಂಗಳು ಬರಬೇಕಾಗಿಲ್ಲ ಅಂದರು ಡಾಕ್ಟರು. ಫೈಲು ಇನ್ನೂ ಹೊಲಿಗೆ ಮಷಿನ್ ಪಕ್ಕದಲ್ಲೇ ಇದೆ. ಒಂದು ವರ್ಷದ ಹಿಂದೆ ಇದೇ ಜಾಗದಲ್ಲಿ ಕೂತು, ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು ಅಂತ ತಿಳಿಯದೆ ಒದ್ದಾಡಿದ್ದೆ. ಈಗಲೂ ಹಾಗೆ ಒದ್ದಾಡುತ್ತಿರುವ ಅಪ್ಪ ಅಮ್ಮ ಎಷ್ಟೋ ಜನ ಇರಬಹುದು. ಅವರಿಗೆ ಉಪಯೋಗಕ್ಕೆ ಬರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ. ಮಗನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಹಾಕಬೇಡ ಅಂದ, ಹಾಕಿಲ್ಲ.

ನಾವು ಸದಾಶಿವಗಡದವರು. ಕಾಳಿ ನದಿಯ ಈಚೆ ಮನೆ, ಆಚೆ ಕಾರವಾರದಲ್ಲಿ ಮಗನ ಶಾಲೆ. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ನಮ್ಮನೆಯವರಿಗೆ ಕೈಗಾದಲ್ಲಿ ಗುತ್ತಿಗೆ ಕೆಲಸ, ಶಿಫ್ಟ್ ಲೆಕ್ಕ. ಜೊತೆಗೆ ಅತ್ತೆ ಇದ್ದಾರೆ.

2024ರ ಮೇ ಕೊನೆ. ಒಂಬತ್ತನೇ ಕ್ಲಾಸು ಶುರುವಾಗುವ ಮೊದಲು ಯೂನಿಫಾರ್ಮ್ ಪ್ಯಾಂಟ್ ಹಾಕಿ ನೋಡಿದ. ಹುಕ್ ಕೂಡಲಿಲ್ಲ. ಜನವರಿಯಲ್ಲಷ್ಟೇ ಸೊಂಟದ ಹೊಲಿಗೆ ಬಿಚ್ಚಿ ದೊಡ್ಡದು ಮಾಡಿದ್ದೆ. ಒಳಗೆ ಬಿಟ್ಟಿದ್ದ ಮಾರ್ಜಿನ್ ಬಟ್ಟೆಯೆಲ್ಲ ಆಗಲೇ ಮುಗಿದಿತ್ತು. ಈ ಸಲ ಬಿಚ್ಚುವುದಕ್ಕೆ ಏನೂ ಉಳಿದಿರಲಿಲ್ಲ. ಬೇರೆ ಬಟ್ಟೆಯ ಪಟ್ಟಿ ಜೋಡಿಸಿದೆ. ಟೇಪ್ ಹಿಡಿದರೆ 36 ಇಂಚು. ಹದಿನಾಲ್ಕು ವರ್ಷದ ಹುಡುಗನ ಸೊಂಟ ಅವನ ಅಪ್ಪನಿಗಿಂತ ಎರಡು ಇಂಚು ಜಾಸ್ತಿ.

ಆಗ ನಾನು ಮಾಡಿದ ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಊಟಕ್ಕೆ ಕೂತಾಗಲೆಲ್ಲ ‘ಸಾಕು ಏಳು’ ಅನ್ನುತ್ತಿದ್ದೆ. ಮೈದುನನ ಮಗನ ಜೊತೆ ಹೋಲಿಸುತ್ತಿದ್ದೆ. ರಾತ್ರಿ ಅನ್ನ ಬಂದ್ ಮಾಡಿದೆ. ಸಂಬಂಧಿಕರೊಬ್ಬರು ಹೇಳಿದರು ಅಂತ ತೂಕ ಇಳಿಸುವ ಪುಡಿಯ ಡಬ್ಬಿ ತರಿಸಿದೆ, 2,800 ರೂಪಾಯಿ. ಹತ್ತು ದಿನ ಆದಮೇಲೆ ಅವನ ಹಾಸಿಗೆ ಕೊಡವಿದೆ. ಕೆಳಗಿಂದ ಬಿಸ್ಕೆಟಿನ ಖಾಲಿ ಕವರುಗಳು ಉದುರಿದವು. ರಾತ್ರಿ ಹಸಿದು ಕದ್ದು ತಿನ್ನುತ್ತಿದ್ದ. ಸ್ವಂತ ಮನೆಯಲ್ಲಿ ಮಗು ಕದ್ದು ತಿನ್ನುವ ಹಾಗೆ ಮಾಡಿದವಳು ನಾನೇ.

ಇನ್ನೊಂದು ತಪ್ಪನ್ನು ನೆನೆದರೆ ಈಗಲೂ ಹೊಟ್ಟೆ ಕಲಸುತ್ತದೆ. ಅವನ ಕುತ್ತಿಗೆಯ ಹಿಂದೆ ಕಪ್ಪಗೆ, ಮಡಿಕೆ ಮಡಿಕೆಯಾಗಿ ಒಂದು ಪಟ್ಟಿ ಬಂದಿತ್ತು. ಕೊಳೆ ಅಂದುಕೊಂಡೆ. ಒಂದು ಭಾನುವಾರ ಬಚ್ಚಲಲ್ಲಿ ಕೂರಿಸಿ ಕಡ್ಲೆಹಿಟ್ಟು, ಅರಿಶಿಣ, ಲಿಂಬೆ ಹಚ್ಚಿ ತಿಕ್ಕಿದೆ. ತೆಂಗಿನ ನಾರು ತೆಗೆದುಕೊಂಡು ಮತ್ತೆ ತಿಕ್ಕಿದೆ. ಚರ್ಮ ಕೆಂಪಗಾಯಿತು, ಕಪ್ಪು ಹಾಗೇ ಇತ್ತು. ‘ಸರಿಯಾಗಿ ಸ್ನಾನ ಮಾಡಕ್ಕೂ ಬರಲ್ವಾ ನಿಂಗೆ?’ ಅಂದೆ. ಅವನು ತಲೆ ಬಗ್ಗಿಸಿಕೊಂಡೇ ‘ಅದು ಹೋಗಲ್ಲಮ್ಮ, ನಾನೂ ದಿನಾ ತಿಕ್ತೀನಿ’ ಅಂದ. ಬೆನ್ನು ನಡುಗುತ್ತಿತ್ತು. ಅಳುತ್ತಿದ್ದಾನೆ ಅಂತ ಆಗ ಗೊತ್ತಾಯಿತು.

ಅದು ಕೊಳೆ ಅಲ್ಲ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ನಾಟದೆ ಇದ್ದಾಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಮಾಡುತ್ತದಂತೆ. ಹಾಗೆ ಜಾಸ್ತಿಯಾದಾಗ ಕುತ್ತಿಗೆ, ಕಂಕುಳಿನ ಚರ್ಮ ಕಪ್ಪಾಗಿ ದಪ್ಪಗಾಗುತ್ತದೆ. ಮುಂದೆ ಸಕ್ಕರೆ ಕಾಯಿಲೆ ಬರಬಹುದು ಅನ್ನುವ ಸೂಚನೆ ಅದು. ನಿಮ್ಮ ಮಗುವಿನ ಕುತ್ತಿಗೆಯಲ್ಲಿ ಹೀಗೆ ಕಂಡರೆ ದಯವಿಟ್ಟು ತಿಕ್ಕಬೇಡಿ. ಡಾಕ್ಟರಿಗೆ ತೋರಿಸಿ.

ಅದೇ ಜೂನ್‌ನಲ್ಲಿ ಶಾಲೆಯಲ್ಲಿ ಫಿಟ್‌ನೆಸ್ ಪರೀಕ್ಷೆ ಆಯಿತು. ಅದರಲ್ಲಿ 600 ಮೀಟರ್ ಓಟ ಇರುತ್ತದೆ. ಓಡಲಾಗದವರು ನಡೆದೂ ಮುಗಿಸಬಹುದು. ಇವನು ಎರಡನೇ ಸುತ್ತಿಗೇ ದಮ್ಮು ಕಟ್ಟಿ ನಿಂತನಂತೆ. ಉಳಿದದ್ದನ್ನು ನಡೆದು ಮುಗಿಸಿದಾಗ 6 ನಿಮಿಷ 10 ಸೆಕೆಂಡ್. ಉಳಿದ ಹುಡುಗರೆಲ್ಲ ಮುಗಿಸಿ ಕೂತು ನೋಡುತ್ತಿದ್ದರು. ಮುಂದಿನ ಪೀರಿಯಡ್‌ನಿಂದ ಪಿಟಿ ಸರ್ ‘ನಿಂಗೆ ಬೇಡ, ನೆರಳಲ್ಲಿ ಕೂತ್ಕೋ’ ಅಂದರು. ಕನಿಕರದಿಂದಲೇ ಹೇಳಿದ್ದು. ಆದರೆ ಆಮೇಲೆ ಪಿಟಿ ಇರುವ ದಿನವೆಲ್ಲ ಬೆಳಿಗ್ಗೆ ಇವನಿಗೆ ಹೊಟ್ಟೆನೋವು.

ಮೊದಲು ಹೋದದ್ದು ಸರ್ಕಾರಿ ಆಸ್ಪತ್ರೆಗೆ, ಮಕ್ಕಳ ವಿಭಾಗಕ್ಕೆ. ಎಂಟೂವರೆಗೆ ಚೀಟಿ ಮಾಡಿಸಿದೆವು, ಡಾಕ್ಟರ ಮುಂದೆ ಕೂತಾಗ ಹನ್ನೆರಡಾಗಿತ್ತು. ಜ್ವರದ ಮಕ್ಕಳ ಮಧ್ಯೆ ಇವನು ಎಲ್ಲರಿಗಿಂತ ದೊಡ್ಡವನು. ಕಾರಿಡಾರಿನಲ್ಲೇ ತೂಕದ ಯಂತ್ರ ಇತ್ತು. ಇವನು ಹತ್ತಿದ ಕೂಡಲೇ ಸಿಬ್ಬಂದಿಯೊಬ್ಬರು ‘ಎಪ್ಪತ್ತೊಂದು!’ ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಗ ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಹೋದ. ಆ ದಿನ ನನಗೆ ಬಾಯಿ ಬರಲಿಲ್ಲ. ಆಮೇಲೆ ಹೋದಲ್ಲೆಲ್ಲ ‘ತೂಕ ಜೋರಾಗಿ ಹೇಳಬೇಡಿ, ಚೀಟಿಯಲ್ಲಿ ಬರೆದರೆ ಸಾಕು’ ಅಂತ ಮೊದಲೇ ಕೇಳಿಕೊಂಡೆ. ಎಲ್ಲರೂ ಒಪ್ಪಿದರು. ನೀವೂ ಕೇಳಿ, ಸಂಕೋಚ ಬೇಡ.

ಡಾಕ್ಟರು ಒಳ್ಳೆಯವರು. ಎತ್ತರ 158 ಸೆಂಟಿಮೀಟರ್, ತೂಕ 71 ಕೆಜಿ. ದೊಡ್ಡವರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕವನ್ನು ಮಕ್ಕಳಿಗೆ ನೇರವಾಗಿ ಹಾಕುವ ಹಾಗಿಲ್ಲ ಅಂತ ಅಲ್ಲಿ ಗೊತ್ತಾಯಿತು. ಭಾರತೀಯ ಮಕ್ಕಳ ವೈದ್ಯರ ಸಂಘದ 2015ರ ಚಾರ್ಟ್ ತೋರಿಸಿದರು. ಅದರಲ್ಲಿ ಎರಡು ಗೆರೆ. ಒಂದು ದೊಡ್ಡವರ ಬಿಎಂಐ 23ಕ್ಕೆ ಸಮ, ಇನ್ನೊಂದು 27ಕ್ಕೆ ಸಮ. ಮೊದಲ ಗೆರೆ ದಾಟಿದರೆ ತೂಕ ಜಾಸ್ತಿ ಅಂತ ಲೆಕ್ಕ, ಎರಡನೆಯದು ದಾಟಿದರೆ ಬೊಜ್ಜು. ಇವನ ಚುಕ್ಕೆ ಎರಡನೇ ಗೆರೆಗಿಂತಲೂ ಮೇಲೆ ಬಿತ್ತು.

‘ಥೈರಾಯ್ಡ್ ಇರ್ಬೇಕು ಡಾಕ್ಟ್ರೇ’ ಅಂದೆ. ನೆಂಟರೆಲ್ಲ ಅದನ್ನೇ ಹೇಳುತ್ತಿದ್ದರು. ಅವರು ಹಳೆಯ ದಾಖಲೆ ಕೇಳಿದರು. ಹಾರ್ಮೋನ್ ತೊಂದರೆಯಿಂದ ತೂಕ ಏರುವ ಮಕ್ಕಳಲ್ಲಿ ಸಾಮಾನ್ಯವಾಗಿ ಎತ್ತರ ಬೆಳೆಯುವುದು ನಿಧಾನವಾಗುತ್ತದೆ. ಇವನು ಎತ್ತರ ಚೆನ್ನಾಗಿಯೇ ಬೆಳೆಯುತ್ತಿದ್ದಾನೆ, ಹಾಗಾಗಿ ಆ ಸಂಶಯ ಕಡಿಮೆ ಅಂದರು. ಇಲ್ಲೇ ಒಂದು ಮಾತು: ಮೊದಲ ಸಲ ಹೋಗುವಾಗ ತಾಯಿ ಕಾರ್ಡ್, ಜನನ ಪ್ರಮಾಣಪತ್ರ, ಆಧಾರ್ ಇಟ್ಟುಕೊಳ್ಳಿ. ಶಾಲೆಯಲ್ಲಿ ವರ್ಷ ವರ್ಷ ಬರೆದ ಎತ್ತರ, ತೂಕ ಸಿಕ್ಕಿದರೆ ಅದನ್ನೂ ಒಯ್ಯಿರಿ. ನಾನು ಆಧಾರ್ ಒಂದನ್ನೇ ಹಿಡಿದು ಹೋಗಿದ್ದೆ. ಶಾಲೆಯಿಂದ ಹಳೆಯ ಅಂಕಿ ಬರೆಸಿಕೊಂಡು ಬರಲು ಒಂದು ವಾರ ಹೋಯಿತು. ಆ ಅಂಕಿ ನೋಡಿದಾಗಲೇ ತಿಳಿದದ್ದು, ತೂಕ ಓಡತೊಡಗಿದ್ದು ಕೊರೊನಾ ಲಾಕ್‌ಡೌನ್ ಕಾಲದಲ್ಲಿ. ಆಗ ಅವನಿಗೆ ಮೊಬೈಲೇ ಶಾಲೆ, ಮೊಬೈಲೇ ಆಟ.

ರಕ್ತ ಪರೀಕ್ಷೆ ಬರೆದರು. ಖಾಲಿ ಹೊಟ್ಟೆ ಸಕ್ಕರೆ, ಮೂರು ತಿಂಗಳ ಸಕ್ಕರೆಯ ಎಚ್‌ಬಿಎ1ಸಿ, ಕೊಬ್ಬು, ಲಿವರ್, ಥೈರಾಯ್ಡ್, ವಿಟಮಿನ್ ಡಿ. ಬೇಗ ಆಗಲಿ ಅಂತ ಹೊರಗಿನ ಲ್ಯಾಬಿನಲ್ಲಿ ಮಾಡಿಸಿದೆವು, 2,150 ರೂಪಾಯಿ. ಹೊಟ್ಟೆ ಸ್ಕ್ಯಾನಿಂಗ್‌ಗೆ 900. ಮೊದಲ ದಿನ ಇವನು ಬೆಳಿಗ್ಗೆ ಹಾಲು ಕುಡಿದಿದ್ದ, ವಾಪಸ್ ಕಳಿಸಿದರು. ಹಿಂದಿನ ರಾತ್ರಿ ಊಟ ಆದಮೇಲೆ ನೀರು ಬಿಟ್ಟು ಬೇರೆ ಏನೂ ಹೋಗಬಾರದು, ನೆನಪಿರಲಿ. ನಮ್ಮ ಆಯುಷ್ಮಾನ್ ಕಾರ್ಡ್ ಇಂಥ ಹೊರರೋಗಿ ತಪಾಸಣೆಗೆ ಉಪಯೋಗಕ್ಕೆ ಬರಲಿಲ್ಲ.

ಥೈರಾಯ್ಡ್ ಸರಿಯಾಗಿಯೇ ಇತ್ತು. ಎಚ್‌ಬಿಎ1ಸಿ 5.8 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ. ಲಿವರಿನ ಪರೀಕ್ಷೆ ಎಸ್‌ಜಿಪಿಟಿ 58, ಇರಬೇಕಾದ್ದಕ್ಕಿಂತ ಜಾಸ್ತಿ. ಸ್ಕ್ಯಾನಿಂಗ್‌ನಲ್ಲಿ ಲಿವರ್‌ಗೆ ಕೊಬ್ಬು ಕಟ್ಟಿದೆ ಅಂತ ಬಂತು. ನಾನು ಕುಡಿಯುವವರಿಗೆ ಮಾತ್ರ ಲಿವರ್ ಹಾಳಾಗುತ್ತದೆ ಅಂದುಕೊಂಡಿದ್ದೆ. ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆ ಬರಲಿಲ್ಲ. ಪುಡಿಯ ಡಬ್ಬಿ ತೋರಿಸಿದಾಗ ಡಾಕ್ಟರು ಇವತ್ತೇ ನಿಲ್ಲಿಸಿ ಅಂದರು. ಆಮೇಲೆ ಮಕ್ಕಳ ಹಾರ್ಮೋನ್ ಡಾಕ್ಟರಿಗೆ ಒಮ್ಮೆ ತೋರಿಸಿ ಅಂತ ಚೀಟಿ ಬರೆದುಕೊಟ್ಟರು.

ಅಂಥ ಡಾಕ್ಟರು ನಮಗೆ ಕಾರವಾರದಲ್ಲಿ ಸಿಗಲಿಲ್ಲ. ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ, ಸ್ವಲ್ಪ ದೊಡ್ಡದು ಏನೇ ಆದರೂ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಂತ ಓಡಲೇಬೇಕು. ಉಡುಪಿ ಕಡೆಯ ಒಂದು ಆಸ್ಪತ್ರೆಯಲ್ಲಿ ಜುಲೈ 18ಕ್ಕೆ ತಾರೀಖು ಸಿಕ್ಕಿತು. ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿ ಬಂದ್. ಅಲ್ಲಿ ಜೀವ ಕಳೆದುಕೊಂಡವರ ಮುಂದೆ ನಮ್ಮ ತಪಾಸಣೆ ಯಾವ ಲೆಕ್ಕ? ಆ ಮಳೆಯಲ್ಲಿ ರೈಲಿನಲ್ಲಿ ಹೋಗುವುದಕ್ಕೂ ಧೈರ್ಯ ಬರಲಿಲ್ಲ. ಫೋನ್ ಮಾಡಿದರೆ ಮುಂದಿನ ತಾರೀಖು ಆಗಸ್ಟ್ ಕೊನೆಗೆ ಅಂದರು. ಮಳೆಗಾಲದಲ್ಲಿ ತಾರೀಖು ತೆಗೆದುಕೊಳ್ಳುವವರು, ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅಂತ ನಂಬರ್ ಬರೆದಿಟ್ಟುಕೊಳ್ಳಿ.

ಕಾಯುವ ಆ ತಿಂಗಳಲ್ಲಿ ಸುಮ್ನೆ ಕೂರಬಾರದು ಅಂತ ಜಿಮ್‌ಗೆ ಸೇರಿಸಿದೆ. ತಿಂಗಳಿಗೆ 1,200. ಒಂಬತ್ತು ದಿನ ಹೋದ. ಅಲ್ಲಿರುವವರೆಲ್ಲ ದೊಡ್ಡ ಹುಡುಗರು, ಸುತ್ತ ಕನ್ನಡಿ. ‘ನಂಗೆ ನನ್ನೇ ನೋಡಕ್ಕಾಗಲ್ಲಮ್ಮ’ ಅಂದ. ನಾನು ದುಡ್ಡು ದಂಡ ಆಯಿತು ಅಂತ ಬೈದೆ.

ಅಷ್ಟರಲ್ಲಿ ಆಗಸ್ಟ್ 6ರ ಮಧ್ಯರಾತ್ರಿ ಕಳೆದು 7ರ ನಸುಕಿಗೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಎರಡೂ ಕಡೆಯ ವಾಹನ ಒಂದೇ ಸೇತುವೆ ಮೇಲೆ ಓಡಾಡುವ ಹಾಗಾಯಿತು. ಶಾಲೆಗೆ ಮೊದಲಿಗಿಂತ ಬೇಗ ಹೊರಡಬೇಕು, ಬರುವುದು ತಡ. ಬೆಳಿಗ್ಗೆ ಅವನನ್ನು ಹೊರಗೆ ನಡೆಯಲು ಕಳಿಸಬೇಕು ಅಂದುಕೊಂಡಿದ್ದೂ ಬಿದ್ದುಹೋಯಿತು.

ಆಗಸ್ಟ್ ಕೊನೆಗೆ ಶಿರವಾಡದ ಸ್ಟೇಷನ್ನಿನಿಂದ ರೈಲು ಹಿಡಿದು ಹೋದೆವು. ಬಸ್ಸಿಗಿಂತ ರೈಲೇ ವಾಸಿ, ಮಗು ಹೈರಾಣಾಗಲ್ಲ. ಒಂದು ಸಲಕ್ಕೆ ಇಬ್ಬರಿಗೂ ರೈಲು, ಆಟೋ, ಊಟ ಸೇರಿ 900 ರೂಪಾಯಿ, ಡಾಕ್ಟರ ಫೀಸು 600. ಎರಡೂವರೆ ತಾಸು ಕಾದೆವು. ಆದರೆ ಒಳಗೆ ಹೋದ ಮೇಲೆ ಆ ಡಾಕ್ಟರಮ್ಮ ಮುಕ್ಕಾಲು ತಾಸು ಕೊಟ್ಟರು. ಮಾತಾಡಿದ್ದು ಜಾಸ್ತಿ ಅವನ ಜೊತೆಗೇ. ಎಷ್ಟು ಗಂಟೆಗೆ ಮಲಗುತ್ತೀಯ, ಯಾವ ಆಟ ಇಷ್ಟ, ಶಾಲೆಯಲ್ಲಿ ಯಾರಾದರೂ ರೇಗಿಸುತ್ತಾರಾ ಅಂತ ಕೇಳಿದರು. ನನ್ನನ್ನು ಹತ್ತು ನಿಮಿಷ ಹೊರಗೂ ಕೂರಿಸಿದರು.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: ‘ಇವನ ಜೊತೆ ಯಾರು ನಡೀತಾರಮ್ಮ?’

ನನಗೆ ಅರ್ಥ ಆಗಲಿಲ್ಲ. ‘ಅವನೇ ನಡೀಬೇಕಲ್ಲ ಮೇಡಂ, ನಾನು ದಿನಾ ಹೇಳ್ತಾನೇ ಇರ್ತೀನಿ’ ಅಂದೆ.

‘ಹೇಳೋದು ಬೇಡ. ಜೊತೆಗೆ ಹೋಗಿ.’

ಔಷಧಿ ಬರೆಯಲಿಲ್ಲ, ವಿಟಮಿನ್ ಡಿ ಒಂದು ಬಿಟ್ಟು. ಈ ವಯಸ್ಸಿನಲ್ಲಿ ತೂಕ ಇಳಿಸುವುದಕ್ಕಿಂತ ಏರದ ಹಾಗೆ ನೋಡಿಕೊಂಡರೆ ಸಾಕು, ಎತ್ತರ ತಾನೇ ಹಿಡಿದುಕೊಳ್ಳುತ್ತದೆ ಅಂದರು. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ಹೇಳುವುದು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ. ವಾರಕ್ಕೆ ಮೂರು ದಿನ ಮಾಂಸಖಂಡ, ಮೂಳೆ ಗಟ್ಟಿಯಾಗುವ ಕೆಲಸ. ಒಂದೇ ಸಲಕ್ಕೆ ಅಲ್ಲಿಗೆ ಹೋಗಬೇಡಿ, 15 ನಿಮಿಷದಿಂದ ಶುರು ಮಾಡಿ ಅಂದರು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಎಂಟು ತಾಸಿಗಿಂತ ಕಡಿಮೆ ನಿದ್ದೆ ಬೇಡ. ಮನೆಯಲ್ಲಿ ತೂಕದ ಯಂತ್ರ ಬೇಡ. ತೂಕದ ಮಾತೂ ಬೇಡ, ಅವನದ್ದೂ ಬೇಡ, ನಿಮ್ಮದೂ ಬೇಡ. ಮತ್ತೆ ಅವನಿಗೊಂದು ಅಡುಗೆ, ನಿಮಗೊಂದು ಅಡುಗೆ ಮಾಡಬೇಡಿ ಅಂತಲೂ ಒತ್ತಿ ಹೇಳಿದರು.

ವಾಪಸ್ ಬರುವಾಗ ರೈಲಿನಲ್ಲಿ ಲೆಕ್ಕ ಹಾಕಿದೆ. ಅವನಿಗೆ ಟ್ಯೂಷನ್ ಬಿಡುವುದು ಐದೂವರೆಗೆ, ಕಾರವಾರದಲ್ಲಿ. ನಾನು ಬಸ್ಸಿನಲ್ಲಿ ಆಚೆ ಹೋಗಿ, ಅವನ ಜೊತೆ ನಡೆದು, ಇಬ್ಬರೂ ಒಟ್ಟಿಗೆ ಬರಬಹುದು. ಅಂದರೆ ದಿನಕ್ಕೆ ಎರಡು ತಾಸು ಹೊಲಿಗೆ ಹೋಯಿತು. ನನ್ನ ದುಡಿಮೆಯ ಹೊತ್ತೇ ಅದು, ಸಂಜೆ ಗಿರಾಕಿ ಬರುವ ಸಮಯ. ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರಾತ್ರಿ ಅಡುಗೆ ನಾ ನೋಡ್ಕಳ್ತೆ, ನೀ ಹೋಗು’ ಅಂದರು. ಇದು ಆದದ್ದು ಅವರಿಂದಲೇ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಸಮಯ ಮಾಡಿಕೊಳ್ಳಿ ಅಂತ ಉಪದೇಶ ಮಾಡುವವರು ಬಹಳ. ಆ ಹೊತ್ತಿನಲ್ಲಿ ಒಲೆ ಮುಂದೆ ಯಾರು ನಿಲ್ಲುತ್ತಾರೆ ಅಂತ ಕೇಳುವವರು ಇಲ್ಲ. ಮೊದಲು ಅದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಸೆಪ್ಟೆಂಬರ್ ಮೊದಲ ವಾರ ಶುರು. ಟ್ಯಾಗೋರ್ ಬೀಚು. ನನಗೂ ಅವನಿಗೂ ಶೂ ತಂದೆವು, ಎರಡೂ ಸೇರಿ 2,300. ಸೀರೆ ಬಿಟ್ಟು ಚೂಡಿದಾರ್ ಹಾಕಿ ನಡೆಯುವುದಕ್ಕೆ ನನಗೆ ಮೊದಲ ದಿನ ಎಷ್ಟು ಮುಜುಗರ ಆಯಿತು ಅಂದ್ರೆ, ಅವನಿಗೆ ಈ ಎರಡು ವರ್ಷ ಎಷ್ಟಾಗಿರಬೇಕು ಅಂತ ಅಲ್ಲಿ ಹೊಳೆಯಿತು. ಯುದ್ಧನೌಕೆ ಮ್ಯೂಸಿಯಂ ಹತ್ತಿರದಿಂದ ಹೊರಟು ಕೋಡಿಬಾಗ ಕಡೆಗೆ ಹದಿನೈದು ನಿಮಿಷ. ನನ್ನ ಮೊಣಕಾಲು ನೋಯುತ್ತಿತ್ತು. ಅವನಿಗೆ ತೊಡೆ ಉಜ್ಜಿ ಉರಿ. ಒಳಗೆ ಹಾಕಲು ಉದ್ದದ ಹತ್ತಿ ಚಡ್ಡಿ ಹೊಲಿದುಕೊಟ್ಟೆ. ಇದನ್ನು ಯಾರೂ ಹೇಳುವುದಿಲ್ಲ, ಮಕ್ಕಳು ನಾಚಿಕೆಯಿಂದ ಬಾಯಿ ಬಿಡಲ್ಲ. ಎಷ್ಟೋ ಮಕ್ಕಳು ನಡೆಯುವುದನ್ನು ಬಿಡುವುದು ಇದೇ ಕಾರಣಕ್ಕೆ ಇರಬಹುದು.

ಸಮುದ್ರ ಇಳಿದಾಗ ಒದ್ದೆ ಮರಳು ಗಟ್ಟಿ ಇರುತ್ತದೆ, ನಡೆಯಲು ಸುಲಭ. ಒಣ ಮರಳಿನಲ್ಲಿ ಕಾಲು ಹೂತು ಬೇಗ ಸುಸ್ತಾಗುತ್ತದೆ. ಹೊಸಬರು ಒದ್ದೆ ಮರಳಿನಲ್ಲೇ ಶುರು ಮಾಡಿ.

ಮೊದಲ ಎರಡು ವಾರ ಇಬ್ಬರೂ ಮಾತಿಲ್ಲದೆ ನಡೆದೆವು. ತೂಕ, ಊಟ, ಮಾರ್ಕ್ಸು ಬಿಟ್ಟರೆ ನನ್ನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ, ಡಾಕ್ಟರು ಅವಕ್ಕೆ ಬೀಗ ಹಾಕಿದ್ದರು. ಒಂದು ದಿನ ಮೀನುಗಾರರು ದೋಣಿ ಎಳೆಯುವುದನ್ನು ನೋಡುತ್ತಾ ನಿಂತಿದ್ದೆವು. ಅವನಾಗಿಯೇ ಹೇಳತೊಡಗಿದ. ಕ್ಲಾಸಿನಲ್ಲಿ ಏನು ಕರೆಯುತ್ತಾರೆ, ಬೆಂಚಿನಲ್ಲಿ ಕೂರುವಾಗ ಏನು ಶಬ್ದ ಮಾಡುತ್ತಾರೆ, ಟ್ಯೂಷನ್ ಮುಗಿದ ಮೇಲೆ ಬೇಕರಿಗೆ ಯಾಕೆ ಹೋಗುತ್ತಿದ್ದ. ‘ಅಲ್ಲಿ ಅಂಕಲ್ ಏನೂ ಕೇಳಲ್ಲ, ಸುಮ್ನೆ ಕೊಡ್ತಾರೆ’ ಅಂದ. ದಿನಾ ಒಂದು ಪಫ್ಸು, ಒಂದು ತಂಪು ಪಾನೀಯ. ನಾನು ಏನೂ ಅನ್ನಲಿಲ್ಲ. ಮರುದಿನದಿಂದ ಹೋಗುವಾಗ ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಬಾಟಲಿಯಲ್ಲಿ ಮಜ್ಜಿಗೆ ಒಯ್ದೆ. ಹೊಟ್ಟೆ ತುಂಬಿದ ಮೇಲೆ ಬೇಕರಿಯ ನೆನಪು ಕಡಿಮೆಯಾಯಿತು. ಆ ತಂಪು ಪಾನೀಯದ ಬಾಟಲಿ ತಿರುಗಿಸಿ ಓದಿದೆವು. 100 ಮಿಲಿಗೆ 10 ಗ್ರಾಂ ಮೀರಿ ಸಕ್ಕರೆ. 250 ಮಿಲಿ ಅಂದ್ರೆ ಐದಾರು ಚಮಚ. ಲೆಕ್ಕ ಹಾಕಿದ್ದು ಅವನೇ.

ಮನೆಯಲ್ಲಿ ಅಡುಗೆ ಪೂರ್ತಿ ಬದಲಿಸಲಿಲ್ಲ. ಕರಾವಳಿಯವರಿಗೆ ಅನ್ನ ಮೀನು ಬಿಡಿ ಅಂದ್ರೆ ಆಗುತ್ತದಾ? ಆಹಾರ ತಜ್ಞರಿಗೂ ಒಮ್ಮೆ ತೋರಿಸಿದೆವು, 400 ರೂಪಾಯಿ. ಓಟ್ಸು, ಬ್ರೊಕೊಲಿ ಅಂತ ಚೀಟಿ ಕೊಟ್ಟರು, ನಮ್ಮ ಮನೆಗೆ ಹೊಂದಲಿಲ್ಲ. ನಾವು ಮಾಡಿದ್ದು ಇಷ್ಟೇ. ಬಂಗಡೆ ಹುರಿಯುವುದು ವಾರಕ್ಕೆ ಒಂದು ದಿನ, ಉಳಿದ ದಿನ ಸಾರು. ತಟ್ಟೆಗೆ ಮೊದಲು ಪಲ್ಯ, ಮೀನು, ಆಮೇಲೆ ಅನ್ನ. ಬೆಳಿಗ್ಗೆ ಬ್ರೆಡ್ಡು ಜಾಮ್ ಬದಲು ಕುಚ್ಚಲಕ್ಕಿ ಗಂಜಿ ಇಲ್ಲವೇ ದೋಸೆ, ಜೊತೆಗೆ ಹೆಸರುಕಾಳು. ಎಲ್ಲರಿಗೂ ಅದೇ. ಚೌತಿ ಬಂತು. ಅತ್ತೆ ಮಾಡಿದ ಕರ್ಜಿಕಾಯಿ ಡಬ್ಬಿ ತುಂಬ. ‘ಬೆಳೆಯೋ ಹುಡುಗ, ತಿನ್ಲಿ ಬಿಡು’ ಅಂತ ಅತ್ತೆ, ಬೇಡ ಅಂತ ನಾನು. ಜಗಳವೇ ಆಯಿತು. ಕೊನೆಗೆ ಅವನೇ ಎರಡು ತಿಂದು, ಉಳಿದದ್ದನ್ನು ಅಕ್ಕಪಕ್ಕದವರಿಗೆ ಹಂಚಿ ಬಂದ. ಹಬ್ಬದ ದಿನ ಹಬ್ಬದ ಊಟ ಆಗಲಿ, ಡಬ್ಬಿ ಹದಿನೈದು ದಿನ ಮನೆಯಲ್ಲಿ ಇರದಿದ್ದರೆ ಆಯಿತು.

ಮಳೆ ಜೋರಿದ್ದ ದಿನ ಜಗಲಿಯಲ್ಲೇ. ಹಗ್ಗ ಜಿಗಿಯುವುದು, ಬಸ್ಕಿ, ಗೋಡೆಗೆ ಕೈ ಕೊಟ್ಟು ದಂಡ. ಇವರ ಶಿಫ್ಟ್ ರಜೆ ಇದ್ದಾಗ ಅಪ್ಪ ಮಗ ಸದಾಶಿವಗಡದ ಗುಡ್ಡ ಹತ್ತುತ್ತಿದ್ದರು. ಅಪ್ಪ ಅರ್ಧಕ್ಕೇ ನಿಂತು ಉಸಿರು ಬಿಟ್ಟರೆ ಮಗ ಕಾಯುತ್ತಿದ್ದ.

ಶಾಲೆಗೂ ಹೋದೆ. ಪಿಟಿ ಸರ್ ಹತ್ತಿರ, ‘ಸರ್, ಅವನನ್ನ ಕೂರಿಸಬೇಡಿ. ಓಡ್ಲಿ, ನಡೀಲಿ. ಅವನ ಟೈಮು ಅವನಿಗೆ ಮಾತ್ರ ಹೇಳಿ’ ಅಂತ ಕೇಳಿಕೊಂಡೆ. ಒಪ್ಪಿದರು. ಅವರೇ ಒಂದು ದಿನ ಗುಂಡು ಎಸೆಯಲು ಕೊಟ್ಟರಂತೆ. ಇವನು ಎಸೆದದ್ದು ಕ್ಲಾಸಿನಲ್ಲೇ ಎಲ್ಲರಿಗಿಂತ ದೂರ. ಆ ಸಂಜೆ ಬೀಚಿನಲ್ಲಿ ಅದನ್ನು ನಾಲ್ಕು ಸಲ ಹೇಳಿದ. ದಪ್ಪ ಇರುವ ಮಕ್ಕಳಲ್ಲಿ ಬಲವೂ ಇರುತ್ತದೆ, ನಾವು ಬರೀ ಓಟ ಕೊಟ್ಟು ಸೋಲಿಸುತ್ತೇವೆ.

ನವೆಂಬರ್ ಕೊನೆಗೆ ಎರಡನೇ ತಪಾಸಣೆ. ಮೂರು ತಿಂಗಳು ನಡೆದಿದ್ದೇವೆ, ನಾಲ್ಕೈದು ಕೆಜಿ ಆದರೂ ಇಳಿದಿರುತ್ತದೆ ಅಂತ ನಂಬಿಕೊಂಡು ಹೋಗಿದ್ದೆ. 72. ಒಂದು ಕೆಜಿ ಜಾಸ್ತಿ! ನನ್ನ ಕಣ್ಣಲ್ಲಿ ನೀರು ಬಂತು. ಅವನು ನೋಡಿಬಿಟ್ಟ. ಡಾಕ್ಟರಮ್ಮ ಅವನ ಎತ್ತರ ಅಳೆದರು, 160. ನಾಡಿ ನೋಡಿದರು. ಮೆಟ್ಟಿಲು ಹತ್ತಿಸಿ ಇಳಿಸಿ ಮತ್ತೆ ನೋಡಿದರು. ಮೊದಲಿಗಿಂತ ಬೇಗ ಇಳಿಯುತ್ತಿತ್ತು. ‘ಇವನ ಹೃದಯ ಗಟ್ಟಿಯಾಗ್ತಾ ಇದೆ. ತೂಕದ ಯಂತ್ರಕ್ಕೆ ಅದು ಗೊತ್ತಾಗಲ್ಲ’ ಅಂದರು. ಆಮೇಲೆ ನನಗೊಬ್ಬಳಿಗೇ ಮೆಲ್ಲಗೆ, ‘ಅವನ ಮುಂದೆ ಅಳಬೇಡಿ ಅಮ್ಮ’ ಅಂದರು. ವಾಪಸ್ ಬರುವಾಗ ರೈಲಿನಲ್ಲಿ ಅವನೇ ನನಗೆ ಸಮಾಧಾನ ಮಾಡಿದ. ಈ ತಿರುವಿನಲ್ಲೇ ಬಹಳ ಜನ ಬಿಟ್ಟುಬಿಡುತ್ತಾರೆ ಅನಿಸುತ್ತದೆ. ನಾನೂ ಎರಡು ದಿನ ಹೋಗಲಿಲ್ಲ. ಮೂರನೇ ದಿನ ಟ್ಯೂಷನ್ನಿನಿಂದ ಫೋನ್ ಮಾಡಿದ, ‘ಯಾಕಮ್ಮ, ಬರಲ್ವಾ ಇವತ್ತು?’

ಜನವರಿಯಲ್ಲಿ ಒಂದು ಸಂಜೆ ನನ್ನ ಮೊಬೈಲ್ ಕೈಗೆ ಕೊಟ್ಟು ‘ಟೈಮ್ ನೋಡು’ ಅಂದ. ಮೊದಲೇ 600 ಮೀಟರ್ ಅಳೆದು ಕೋಲು ನೆಟ್ಟಿದ್ದ. ಓಡಿದ. ನಡುವೆ ಒಮ್ಮೆ ನಡೆದ, ಮತ್ತೆ ಓಡಿದ. 4 ನಿಮಿಷ 35 ಸೆಕೆಂಡ್. ಮರಳಿನ ಮೇಲೆ ಅಂಗಾತ ಮಲಗಿ, ಎದೆ ಏರಿಳಿಯುತ್ತಿರುವಾಗಲೇ ‘ಇನ್ನೊಂದ್ಸಲ ಹೇಳು’ ಅಂದ.

ಫೆಬ್ರವರಿ, ಮಾರ್ಚ್ ಕಷ್ಟ ಆಯಿತು. ಪರೀಕ್ಷೆ, ಜೊತೆಗೆ ಅವನಿಗೆ ಕೆಮ್ಮು ಜ್ವರ. ಮೂರು ವಾರ ಪೂರ್ತಿ ನಿಂತಿತು. ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇನ್ನು ಇದೆಲ್ಲ ಬಿಡಿಸಿ’ ಅಂತ ನೆಂಟರು ಹೇಳತೊಡಗಿದರು. ಬಿಡಿಸಲಿಲ್ಲ. ಮತ್ತೆ ಹದಿನೈದು ನಿಮಿಷದಿಂದ ಶುರು ಮಾಡಿದೆವು.

ಈಗ 2025ರ ಮೇ. ಎತ್ತರ 164, ತೂಕ 71. ಎಚ್‌ಬಿಎ1ಸಿ 5.5, ಎಸ್‌ಜಿಪಿಟಿ 31. ಈ ಎರಡು ಪರೀಕ್ಷೆಗೆ 800 ರೂಪಾಯಿ. ಚಾರ್ಟಿನಲ್ಲಿ ಅವನ ಚುಕ್ಕೆ ಕೆಳಗೆ ಬರುತ್ತಿದೆ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕಂತೆ, ಅದಕ್ಕಿನ್ನೂ ದೂರ ಇದೆ. ಇದೊಂದು ಅಳತೆಯನ್ನು ಯಾರು ಬೇಕಾದರೂ ಮನೆಯಲ್ಲೇ ಟೇಪಿನಿಂದ ನೋಡಬಹುದು, ಆದರೆ ದಿನಾ ಬೇಡ. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. 600 ಮೀಟರ್ ಈಗ 3 ನಿಮಿಷ 50 ಸೆಕೆಂಡ್. ಪುಡಿ, ಜಿಮ್ಮು ಎಲ್ಲ ಸೇರಿ ವರ್ಷಕ್ಕೆ ಆದ ಖರ್ಚು ಹತ್ತಿರ ಹತ್ತಿರ 15,000. ಹೋದ ಹೊಲಿಗೆಯ ದುಡ್ಡು ಇದರಲ್ಲಿ ಸೇರಿಲ್ಲ. ಪುಡಿ, ಜಿಮ್ಮಿನ 4,000 ಮಾತ್ರ ನೀರಿಗೆ ಹೋಯಿತು.

ನಿನ್ನೆ ಹತ್ತನೇ ಕ್ಲಾಸಿಗೆ ಅಂತ ಅದೇ ಪ್ಯಾಂಟ್ ಹಾಕಿ ಬಂದು ನಿಂತ. ಹುಕ್ ಸಲೀಸಾಗಿ ಕೂಡಿತು. ಟೇಪ್ ಹಿಡಿದೆ, 35. ಆದರೆ ಪ್ಯಾಂಟ್ ಕಣಕಾಲಿನ ಮೇಲೆ ನಿಂತಿತ್ತು. ಕೂರಿಸಿ ಬ್ಲೇಡಿನಿಂದ ಕೆಳಗಿನ ಮಡಿಕೆ ಬಿಚ್ಚಿದೆ, ಎರಡು ಇಂಚು ಉದ್ದ ಬಿಟ್ಟೆ. ಸೊಂಟದ ಪಟ್ಟಿಯನ್ನು ಮುಟ್ಟಲಿಲ್ಲ. ಅವನು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ, ‘ಬೇಗ ಬಾರಮ್ಮ, ಬಸ್ಸು ಹೋಗತ್ತೆ.’